ಆಟಗಾರನ ಬೆನ್ನ ಮೇಲಿನ ಪುಟ್ಟ ಡಬ್ಬಿ

ಗೋಲು ಹೊಡೆದ ಖುಷಿಯಲ್ಲಿ ಫುಟ್‌ಬಾಲ್ ಆಟಗಾರ ಜೆರ್ಸಿ ಬಿಚ್ಚಿ ಓಡ್ತಾನಲ್ಲ, ಆಗ ಒಳಗೆ ಕಾಣೋ ಕಪ್ಪು ತುಂಡು ಬನಿಯನ್ ಗಮನಿಸಿದ್ದೀರಾ? ಟಿವಿಯಲ್ಲಿ ಅದನ್ನು ನೋಡಿ ನಮ್ಮಮ್ಮ, "ಗಂಡಸರಿಗೂ ಬ್ಲೌಸ್ ಬಂತೇನೋ?" ಅಂತ ಕೇಳಿದ್ದರು.

ಆ ಬನಿಯನ್ನಿನ ಹಿಂಭಾಗದಲ್ಲಿ, ಎರಡು ಹೆಗಲುಗಳ ನಡುವೆ, ಒಂದು ಸಣ್ಣ ಜೇಬು. ಅದರೊಳಗೆ ಜಿಪಿಎಸ್ ಡಬ್ಬಿ. ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಆಟಗಾರ ಎಲ್ಲಿದ್ದಾನೆ ಅಂತ ದಾಖಲಿಸುತ್ತೆ. ಎಷ್ಟು ಓಡಿದ, ಎಷ್ಟು ಸಲ ಗಕ್ಕನೆ ನಿಂತ, ಹೇಗೆ ತಿರುಗಿದ, ಎಲ್ಲವೂ ಲೆಕ್ಕಕ್ಕೆ ಸಿಗುತ್ತೆ. 2015ರಲ್ಲಿ ಅಧಿಕೃತ ಪಂದ್ಯಗಳಲ್ಲೂ ಇದನ್ನು ಹಾಕಿಕೊಳ್ಳಲು ದಾರಿಯಾಯಿತು.

ಸಾಫ್ಟ್‌ವೇರ್‌ನವನಾದ ನನಗೆ ಕುತೂಹಲ ಇರೋದು ಆ ಡೇಟಾ ಆಮೇಲೆ ಏನಾಗುತ್ತೆ ಅನ್ನೋದರಲ್ಲಿ. ಒಂದು ಹೆಸರಾಂತ ಲೆಕ್ಕ ನೋಡಿ. ಈ ವಾರದ ಶ್ರಮವನ್ನು ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸೋದು. ಸರಾಸರಿ 20 ಕಿ.ಮೀ. ಇದ್ದು, ಈ ವಾರ 32 ಓಡಿದ್ದರೆ ಉತ್ತರ 1.6. ಅದು 1.5 ದಾಟಿದರೆ ಗಾಯದ ಅಪಾಯ ಹೆಚ್ಚು ಅಂತ ಸಂಶೋಧಕ ಟಿಮ್ ಗ್ಯಾಬೆಟ್ 2016ರಲ್ಲಿ ಬರೆದರು. ಬೇರೆ ಸಂಶೋಧಕರು ಆಮೇಲೆ ಆ ಲೆಕ್ಕದ ಬುಡವನ್ನೇ ಪ್ರಶ್ನಿಸಿದರು. ನಮ್ಮ ಆಫೀಸಿನ ಡ್ಯಾಶ್‌ಬೋರ್ಡಲ್ಲಿ ಕೆಂಪು ಬಂದರೆ ಸರ್ವರ್ ರೀಸ್ಟಾರ್ಟ್ ಮಾಡ್ತೀವಿ, ಅಷ್ಟೇ. ಅಲ್ಲಿ ಕೆಂಪು ಬಂದರೆ ಒಬ್ಬ ಮನುಷ್ಯ ಬೆಂಚಿನ ಮೇಲೆ ಕೂರಬೇಕು. ಹೊಸ ಒಪ್ಪಂದದ ಮಾತುಕತೆಯಲ್ಲೂ ಅದೇ ಅಂಕಿ ಮೇಜಿನ ಮೇಲೆ ಬಂದರೆ?

ದೇಹದ ವರದಿ ಒಂದೇ ಆದರೂ ತೀರ್ಪು ಒಂದೇ ಇರಲ್ಲ. ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ 2021ರ ಜೂನ್ 12ರಂದು ಯೂರೋ ಪಂದ್ಯದ ನಡುವೆಯೇ ಹೃದಯಸ್ತಂಭನವಾಗಿ ಕುಸಿದುಬಿದ್ದರು. ಬದುಕುಳಿದರು, ಎದೆಯಲ್ಲಿ, ಬಡಿತ ತಪ್ಪಿದರೆ ಸರಿಪಡಿಸುವ ಸಾಧನ ಕೂರಿಸಲಾಯಿತು. ಆ ಸಾಧನ ಇಟ್ಟುಕೊಂಡು ಆಡೋಕೆ ಇಟಲಿಯ ನಿಯಮ ಬಿಡಲಿಲ್ಲ, ಇಂಟರ್ ಮಿಲಾನ್ ಜೊತೆಗಿನ ಒಪ್ಪಂದ ಮುಗಿಯಿತು. 2022ರ ಜನವರಿಯಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಅದೇ ಎರಿಕ್ಸನ್‌ರನ್ನು ಸೇರಿಸಿಕೊಂಡಿತು. ನಮ್ಮ ಅನ್ವರ್ ಅಲಿ ಕಥೆಯೂ ಹೆಚ್ಚುಕಡಿಮೆ ಹೀಗೇ. 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ ಆಟ ನಿಂತಿತು, ದೆಹಲಿ ಹೈಕೋರ್ಟ್ ಮೆಟ್ಟಿಲೂ ಹತ್ತಬೇಕಾಯಿತು. 2022ರಲ್ಲಿ ಅವರು ಭಾರತ ತಂಡದ ಪರ ಕಣಕ್ಕಿಳಿದರು.

ಹಾಗಾದರೆ ಈ ಡೇಟಾ ಯಾರದ್ದು? ಯುರೋಪಿನ ಜಿಡಿಪಿಆರ್ ಕಾನೂನು ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಕೊಡುತ್ತೆ. 2021ರಲ್ಲಿ ಕಾರ್ಡಿಫ್‌ನ ಮಾಜಿ ಮ್ಯಾನೇಜರ್ ರಸೆಲ್ ಸ್ಲೇಡ್ ಮುಂದಾಳತ್ವದಲ್ಲಿ ಸುಮಾರು 850 ಆಟಗಾರರು, ತಮ್ಮ ಆಟದ ಅಂಕಿಅಂಶಗಳನ್ನು ಕೇಳದೇ ಬಳಸಿಕೊಂಡಿದ್ದಾರೆ ಅಂತ 17 ಕಂಪನಿಗಳಿಗೆ ಕಾನೂನು ಪತ್ರ ಕಳಿಸಿದರು. ಒಪ್ಪಿಗೆ ಅನ್ನೋದೇ ಇಲ್ಲಿ ಕಗ್ಗಂಟು. ಕ್ಲಬ್ಬು ಬನಿಯನ್ ಕೈಗಿಟ್ಟು "ಇಲ್ಲಿ ಸಹಿ ಹಾಕು" ಅಂದರೆ, ಹತ್ತೊಂಬತ್ತರ ಹುಡುಗ "ಬೇಡ ಸಾರ್" ಅಂತಾನಾ? ಕೆಲಸಕ್ಕೆ ಸೇರಿದ ಮೊದಲ ದಿನ ನಾವೆಲ್ಲ ಎಷ್ಟು ಕಾಗದ ಓದಿ ಸಹಿ ಹಾಕಿದ್ವಿ ಹೇಳಿ!

2022ರ ಕತಾರ್ ವಿಶ್ವಕಪ್‌ನಲ್ಲಿ ಫಿಫಾ ಒಂದು ಆ್ಯಪ್ ಕೊಟ್ಟಿತ್ತು. ಪಂದ್ಯ ಮುಗಿದ ಮೇಲೆ ಆಟಗಾರ ತನ್ನ ಆಟದ ಅಂಕಿಗಳನ್ನು ತಾನೇ ನೋಡಬಹುದಿತ್ತು. ಕ್ಲಬ್ಬಿನ ದಿನದಿನದ ಅಭ್ಯಾಸದ ಡೇಟಾಗೂ ಅಂಥದ್ದೇ ಒಂದು ಡೌನ್‌ಲೋಡ್ ಬಟನ್ ಇರಲಿ ಅನ್ನೋದು ನನ್ನ ವಾದ. ಕೋಡ್ ಬರೆಯೋರಿಗೆ ಅದೇನೂ ದೊಡ್ಡ ಕೆಲಸ ಅಲ್ಲ.