ಮಡ್ಡಿ ನೆಲಕ್ಕೂ ಬೇಕು ಹಸಿರು ಸೆರಗು

ಮನೆ ಕಟ್ಟಿ ಆಯಿತು, ನೆಲಕ್ಕೆ ಶಹಾಬಾದ್ ಕಲ್ಲು ಹಾಸಿಯೂ ಆಯಿತು. ಆದರೆ ಹಿತ್ತಲಿನ ಆ ಇಳಿಜಾರು? ಬೇಸಿಗೆಯಲ್ಲಿ ಅಲ್ಲಿಂದೆದ್ದ ಧೂಳು ಒಗೆದು ಹಾಕಿದ ಬಟ್ಟೆ ಮೇಲೆ ಕೂರುತ್ತದೆ. ಮಳೆ ಬಂದರೆ ಅದೇ ಮಣ್ಣು ಕೆಸರಾಗಿ ಅಡುಗೆಮನೆ ಬಾಗಿಲಿಗೇ ಬರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಮಡ್ಡಿ ಮೇಲೆ ಮನೆ ಮಾಡಿದವರಿಗೆಲ್ಲ ಈ ಪಾಡು ಗೊತ್ತು. ‘ಒಂದಿಷ್ಟು ಹುಲ್ಲು ಹಾಕಿಬಿಟ್ಟರಾಯ್ತು’ ಅಂತೀರಾ? ಸ್ವಲ್ಪ ತಾಳಿ.

ನಾನೂ ಹಾಗೇ ಅಂದುಕೊಂಡಿದ್ದೆ. ನರ್ಸರಿಯವರ ಮಾತು ನಂಬಿ ಲಾನ್ ಹುಲ್ಲಿನ ಚಾಪೆ ತಂದು ಹಾಸಿಸಿದೆ. ದೀಪಾವಳಿಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಏಪ್ರಿಲ್ ಬಂತು, ನಳದಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಇದ್ದ ಕೊಡವನ್ನು ಹುಲ್ಲಿಗೆ ಸುರಿಯಬೇಕೋ, ಅಡುಗೆಗೆ ಇಡಬೇಕೋ? ಮೇ ಹೊತ್ತಿಗೆ ಹುಲ್ಲು ಹುರಿದ ಹಪ್ಪಳದಂತಾಯಿತು. ಮೊದಲ ದೊಡ್ಡ ಮಳೆಗೆ ಒಣ ಚಾಪೆಯ ಜತೆ ಮಣ್ಣೂ ಜಾರಿತು. ಅಂದಿನಿಂದ ಯಾವ ಗಿಡ ಕಂಡರೂ ನಾನು ಕೇಳುವುದು ಒಂದೇ ಪ್ರಶ್ನೆ: ‘ಬೇಸಿಗೆಯಲ್ಲಿ ನನ್ನಿಂದ ಎಷ್ಟು ನೀರು ಕೇಳ್ತೀ?’

ಮೊದಲು ಮಣ್ಣು ನೋಡಿ

ಒಂದು ಚಮಚ ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ. ಬುರುಬುರು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣವಿದೆ ಎಂದರ್ಥ. ಸುಣ್ಣಕಲ್ಲಿನ ಈ ಸೀಮೆಯಲ್ಲಿ ಇದು ಸಾಮಾನ್ಯ. ಇಂಥ ಮಣ್ಣಿನಿಂದ ಕಬ್ಬಿಣದ ಅಂಶ ಹೀರಿಕೊಳ್ಳಲಾರದೆ ಎಷ್ಟೋ ಅಲಂಕಾರದ ಗಿಡಗಳ ಎಲೆ ಹಳದಿಯಾಗುತ್ತವೆ. ನೀರು, ಗೊಬ್ಬರ ಎಷ್ಟು ಹಾಕಿದರೂ ಅಷ್ಟೇ. ಇನ್ನು ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೇಲ್ಮೇಲಿನ ಬೇರನ್ನು ಹರಿದುಹಾಕುತ್ತದೆ. ಚಿಂಚೋಳಿಯ ಗುಡ್ಡಗಳ ಕೆಂಪು ಮಣ್ಣಿನ ಗುಣವೇ ಬೇರೆ. ಹಾಗಾಗಿ ಅಕ್ಕನ ಮನೆಯಲ್ಲಿ ಬೆಳೆದದ್ದು ನಿಮ್ಮಲ್ಲೂ ಬೆಳೆಯಬೇಕೆಂದೇನಿಲ್ಲ.

ಯಾವುದು ಹಚ್ಚಬೇಕು?

* ಗರಿಕೆ: ಗಣಪತಿಗೆ ಏರಿಸುವ ಇದೇ ಹುಲ್ಲು ನಮ್ಮ ನೆಲಕ್ಕೆ ಹೇಳಿ ಮಾಡಿಸಿದ್ದು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮಣ್ಣನ್ನು ಹಿಡಿಯುತ್ತದೆ. ಮೇ ತಿಂಗಳಲ್ಲಿ ಒಣಗಿದಂತೆ ಕಂಡರೆ ಕಿತ್ತು ಹಾಕಬೇಡಿ. ಬೇರು ಜೀವಂತವಾಗಿರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಹೂವಿನ ಮಡಿಗೆ ಮಾತ್ರ ನುಗ್ಗದಂತೆ ನೋಡಿಕೊಳ್ಳಿ.

* ಲಾವಂಚ: ಇಳಿಜಾರು ಜೋರಾಗಿದ್ದರೆ ಗರಿಕೆಯೊಂದೇ ಸಾಲದು. ಲಾವಂಚದ ಬೇರು ಅಡ್ಡ ಹರಡುವ ಬದಲು ನೇರ ಕೆಳಗೆ, ಆಳಕ್ಕೆ ಇಳಿಯುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ತಜ್ಞರು ಮಣ್ಣು ಸವಕಳಿ ತಡೆಯಲು ಇದನ್ನೇ ಹಚ್ಚಿ ಎಂದು ಪ್ರಚಾರ ಮಾಡಿದರು. ನಮ್ಮ ಗುಂಡ್ಲುಪೇಟೆ ಕಡೆಯ ರೈತರು ಅದಕ್ಕೂ ಬಹಳ ಮೊದಲೇ ಹೊಲದ ಅಂಚಿಗೆ ಇದನ್ನು ಹಚ್ಚುತ್ತಿದ್ದರು!

* ಹುರುಳಿ, ಮಡಕಿ: ಕೈಯಲ್ಲಿ ದುಡ್ಡಿಲ್ಲವೇ? ಮೊದಲ ವರ್ಷ ಅಡುಗೆಮನೆ ಡಬ್ಬಿಯಲ್ಲಿರುವ ಈ ಕಾಳನ್ನೇ ಚೆಲ್ಲಿ. ಬೇಗ ಹಬ್ಬಿ ನೆಲ ಮುಚ್ಚುತ್ತವೆ, ಮಣ್ಣಿಗೆ ಸಾರಜನಕವನ್ನೂ ಕೊಡುತ್ತವೆ. ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಅಲ್ಲೇ ಬಿಡಿ.

* ಟೇಬಲ್ ರೋಸ್, ಸದಾಪುಷ್ಪ, ಲೋಳೆಸರ: ಹೂವು ಬೇಕೆನ್ನುವವರಿಗೆ. ಟೇಬಲ್ ರೋಸ್ ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ, ತುಂಡು ಊರಿದರೂ ಸಾಕು. ಆದರೆ ಇವುಗಳಿಂದ ಮಣ್ಣು ನಿಲ್ಲುವುದಿಲ್ಲ, ಗರಿಕೆ ಮತ್ತು ಲಾವಂಚದ ನಡುವಿನ ಜಾಗಕ್ಕೆ ಇವು ಸರಿ. ಸದಾಪುಷ್ಪದ ಗಿಡ ವಿಷಕಾರಿ, ಮಕ್ಕಳು ಬಾಯಿಗೆ ಹಾಕದಂತೆ ಎಚ್ಚರ.

ಇವು ಬೇಡ

ಹಳದಿ ಹೂವಿನ ವೆಡೇಲಿಯಾವನ್ನು ‘ಬೇಗ ಹಬ್ಬುತ್ತೆ’ ಎಂದು ಮಾರುತ್ತಾರೆ. ಹಬ್ಬುವುದು ನಿಜ, ಆದರೆ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಲಂಟಾನವೂ ಅದೇ ಪಟ್ಟಿಯದು. ಚಿಂಚೋಳಿಯವರಂತೂ ಇವೆರಡನ್ನೂ ದೂರವಿಡಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು ನಿಮ್ಮ ಪಕ್ಕದಲ್ಲೇ ಇದೆ. ಇನ್ನು ನೆಲ ಖಾಲಿ ಬಿಟ್ಟರೆ ಕಾಂಗ್ರೆಸ್ ಹುಲ್ಲು ಕರೆಯದೇ ಬರುತ್ತದೆ, ಜತೆಗೆ ಮೈ ತುರಿಕೆ, ಉಬ್ಬಸ ತರುತ್ತದೆ. ಹೂವಾಡುವ ಮೊದಲೇ ಕೈಗವಸು ಹಾಕಿಕೊಂಡು ಕೀಳಿ.

ಹಚ್ಚುವುದು ಹೀಗೆ

ಹಚ್ಚುವ ಕಾಲ ಮೃಗಶಿರಾ ಮಳೆ. ನೆಲ ಚೆನ್ನಾಗಿ ನೆಂದ ಮೇಲೆಯೇ ಕೈ ಹಾಕಿ. ಬೇಸಿಗೆಯಲ್ಲಿ ಹಚ್ಚಿ ಕೊಡ ಹೊರುವ ಕಷ್ಟ ಯಾಕೆ?

ಇಳಿಜಾರಿಗೆ ಅಡ್ಡವಾಗಿ, ಮೇಲಿಂದ ಕೆಳಗಲ್ಲ, ಸಾಲು ಮಾಡಿ. ಲಾವಂಚದ ಸಸಿಗಳನ್ನು ಗೇಣಿಗಿಂತ ಕಡಿಮೆ, ಅಂದರೆ 10ರಿಂದ 15 ಸೆಂ.ಮೀ. ಅಂತರದಲ್ಲಿ ಊರಿ. ನಡುವೆ ಗರಿಕೆ ತುಂಡು ನೆಡಿ. ಮನೆ ಕಟ್ಟಿ ಉಳಿದ ಶಹಾಬಾದ್ ಕಲ್ಲಿನ ಚೂರುಗಳಿವೆಯಲ್ಲ, ಅವನ್ನು ಸಾಲಿನ ಕೆಳಗಡೆ ಒತ್ತಿ ನಿಲ್ಲಿಸಿದರೆ ನೀರು ಅಲ್ಲಿ ನಿಂತು ಇಂಗುತ್ತದೆ. ಬರಿದಾದ ಜಾಗಕ್ಕೆ ಒಣ ಎಲೆ ಮುಚ್ಚಿ.

ಮಳೆ ಕೈಕೊಟ್ಟರೆ ಅಕ್ಕಿ, ತೊಗರಿಬೇಳೆ ತೊಳೆದ ನೀರು ಹಾಕಿ. ಬಟ್ಟೆ ಒಗೆದ ಸೋಪಿನ ನೀರು ಬೇಡ, ಮೊದಲೇ ಕ್ಷಾರವಿರುವ ಮಣ್ಣು ಇನ್ನಷ್ಟು ಕೆಡುತ್ತದೆ. ಉಳಿದ ಕಳೆಯನ್ನು ಬೇರುಸಹಿತ ಕೀಳದೆ ಕುಡುಗೋಲಿನಿಂದ ಕೊಯ್ಯಿರಿ, ಬೇರು ಮಣ್ಣು ಹಿಡಿದಿರಲಿ.

ದಿಬ್ಬ ಆಳೆತ್ತರಕ್ಕಿಂತ ಹೆಚ್ಚಿದ್ದು ಮನೆಯ ಗೋಡೆಗೆ ಹತ್ತಿರವಿದ್ದರೆ ಮಾತ್ರ ಗಿಡವೊಂದನ್ನೇ ನಂಬಬೇಡಿ, ಎಂಜಿನಿಯರ್‌ಗೆ ತೋರಿಸಿ.

ಮೊದಲ ವರ್ಷ ಅಲ್ಲಲ್ಲಿ ಬೋಳು ಕಂಡೀತು. ಬೇಸರ ಬೇಡ. ನನ್ನ ಹಿತ್ತಲು ಮುಚ್ಚಲು ಎರಡು ಮಳೆಗಾಲ ಹಿಡಿಯಿತು. ಈಗಲೂ ಮೇ ತಿಂಗಳಲ್ಲಿ ಅದು ಕಂದು ಬಣ್ಣಕ್ಕೇ ತಿರುಗುತ್ತದೆ. ಆದರೆ ಮಣ್ಣು ಬಾಗಿಲಿಗೆ ಬರುವುದಿಲ್ಲ, ಕುಡಿಯುವ ಕೊಡ ಅಡುಗೆಮನೆಯಲ್ಲೇ ಉಳಿಯುತ್ತದೆ. ನಮಗೆ ಬೇಕಾದದ್ದೂ ಅದೇ ಅಲ್ಲವೇ?