ಕಾರಿನ ಚಕ್ರಕ್ಕೆ ಆಯುಸ್ಸು ಎಷ್ಟು?

ಒಂದು ತುಂಡು ಕಟ್ಟುಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಎಷ್ಟು ಜಗ್ಗಿದರೂ ಅದು ತುಂಡಾಗುವುದಿಲ್ಲ. ಅದೇ ಕಂಬಿಯನ್ನು ಒಂದೇ ಜಾಗದಲ್ಲಿ ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಸ್ವಲ್ಪ ಹೊತ್ತಿನಲ್ಲೇ ಮುರಿದು ಕೈಗೆ ಬರುತ್ತದೆ. ದೊಡ್ಡ ಬಲಕ್ಕೆ ಸೋಲದ ಲೋಹ, ಸಣ್ಣ ಬಲ ಮತ್ತೆ ಮತ್ತೆ ಬಿದ್ದಾಗ ಸೋಲುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ.

ಕಾರಿನ ಚಕ್ರಕ್ಕೂ ಈ ದಣಿವು ಉಂಟು. ಇಲ್ಲಿ ಚಕ್ರ ಎಂದರೆ ರಬ್ಬರಿನ ಟೈರಲ್ಲ. ಟೈರನ್ನು ಹೊತ್ತಿರುವ ರಿಮ್ಮು ಮತ್ತು ನಟ್ಟುಗಳು ಕೂರುವ ಡಿಸ್ಕು.

ನೀವು ನಂಗವಳ್ಳಿಯಿಂದ ಓಮಲೂರು, ಧರ್ಮಪುರಿ, ಹೊಸೂರು ದಾರಿಯಾಗಿ ಬೆಂಗಳೂರಿಗೆ ಬಾಡಿಗೆ ಕಾರಿನಲ್ಲಿ ಹೊರಟಿದ್ದೀರಿ ಎನ್ನಿ. ಟೈರಿನ ಎತ್ತರ 60 ಸೆಂಟಿಮೀಟರ್ ಇದ್ದರೆ ಚಕ್ರವು ಒಂದು ಕಿಲೋಮೀಟರಿಗೆ ಸುಮಾರು 530 ಸುತ್ತು ಉರುಳುತ್ತದೆ. ಪ್ರಯಾಣವನ್ನು 200 ಕಿಲೋಮೀಟರ್ ಎಂದು ಹಿಡಿದರೆ ಒಂದು ಲಕ್ಷಕ್ಕೂ ಮೀರಿದ ಸುತ್ತು. ಪ್ರತಿ ಸುತ್ತಿನಲ್ಲೂ ಕಾರಿನ ಭಾರ ಡಿಸ್ಕಿನ ಒಂದೊಂದು ಭಾಗವನ್ನು ಒಮ್ಮೆ ಎಳೆದು ಒಮ್ಮೆ ಒತ್ತುತ್ತದೆ. ತೊಪ್ಪೂರು ಘಾಟಿಯ ತಿರುವುಗಳಲ್ಲಿ ಪಕ್ಕದ ಬಲವೂ ಸೇರಿ ಡಿಸ್ಕು ಇನ್ನೂ ಹೆಚ್ಚು ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗುವುದಾದರೂ ಲೋಹ ಅದನ್ನು ಮರೆಯುವುದಿಲ್ಲ.

ಈ ವಿಷಯ ಜನರಿಗೆ ತಿಳಿದದ್ದು ರೈಲಿನಿಂದ. 1842ರ ಮೇ 8ರಂದು ಫ್ರಾನ್ಸಿನಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಹೊರಟ ರೈಲಿನ ಇಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮುಂದೆ ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳಿಗೆ ಭಾರ ಕೊಟ್ಟು, ಮುರಿಯುವವರೆಗೆ ತಿರುಗಿಸಿ, ಸುತ್ತುಗಳನ್ನು ಎಣಿಸಿದರು. ಭಾರ ಕಡಿಮೆಯಾದಂತೆ ಸುತ್ತುಗಳ ಸಂಖ್ಯೆ ಏರುತ್ತದೆ ಎಂದು ತೋರಿಸಿದರು. ಇಂದಿಗೂ ಕಾರಿನ ಚಕ್ರದ ಪರೀಕ್ಷೆ ಇದೇ ಜಾಡಿನಲ್ಲಿದೆ.

ಮುಖ್ಯ ಪರೀಕ್ಷೆಗಳು ಎರಡು. ಒಂದರಲ್ಲಿ, ತಿರುವಿನಲ್ಲಿ ಬಾಗುವ ಹಾಗೆ ಡಿಸ್ಕನ್ನು ಸುತ್ತ ಸುತ್ತ ಬಾಗಿಸುತ್ತಾರೆ. ಇನ್ನೊಂದರಲ್ಲಿ, ಟೈರು ಹಾಕಿದ ಚಕ್ರವನ್ನು ತಿರುಗುವ ದೊಡ್ಡ ಉರುಳೆಗೆ ಒತ್ತಿ ಹಿಡಿದು ಓಡಿಸುತ್ತಾರೆ. ರಸ್ತೆಯಲ್ಲಿ ಬೀಳುವುದಕ್ಕಿಂತ ಹೆಚ್ಚಿನ ಹೊರೆ ಕೊಟ್ಟು, ವರ್ಷಗಳ ಓಟವನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತಾರೆ. ನಿಗದಿಯಾದಷ್ಟು ಸುತ್ತಿನೊಳಗೆ ಬಿರುಕು ಬಿಟ್ಟರೆ ಆ ಚಕ್ರ ಫೇಲು. ನಮ್ಮ ದೇಶದಲ್ಲಿ ಪುಣೆಯ ಎ.ಆರ್.ಎ.ಐ. ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ. ಈಗ ಚಕ್ರ ತಯಾರಾಗುವ ಮೊದಲೇ ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಚೂರುಗಳಾಗಿ ಭಾಗಿಸಿ, ಯಾವ ಚೂರಿಗೆ ಎಷ್ಟು ಒತ್ತಡ ಎಂದೂ ಲೆಕ್ಕ ಹಾಕುತ್ತಾರೆ.

ಆದರೆ ರಸ್ತೆಯಲ್ಲಿ ಹೊರೆ ಒಂದೇ ಸಮ ಇರುವುದಿಲ್ಲವಲ್ಲ! ಅದಕ್ಕೆ ಸ್ವೀಡನ್ನಿನ ಪಾಮ್‌ಗ್ರೆನ್ 1924ರಲ್ಲಿ, ಅಮೆರಿಕದ ಮೈನರ್ 1945ರಲ್ಲಿ ಒಂದು ಲೆಕ್ಕ ಹೇಳಿದರು. ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದ ನನಗೆ ಅದು ಪಾಸ್‌ಬುಕ್ಕಿನ ಹಾಗೆ ಕಾಣುತ್ತದೆ. ಒಂದು ಚಕ್ರ ಸಾಧಾರಣ ಹೊರೆಯಲ್ಲಿ 10 ಲಕ್ಷ ಸುತ್ತು, ಭಾರಿ ಹೊರೆಯಲ್ಲಿ 1 ಲಕ್ಷ ಸುತ್ತು ಬಾಳುತ್ತದೆ ಎನ್ನಿ. ಸಾಧಾರಣ ಹೊರೆಯಲ್ಲಿ 5 ಲಕ್ಷ ಸುತ್ತು ಓಡಿದರೆ ಅರ್ಧ ಆಯುಸ್ಸು ಖರ್ಚು. ಭಾರಿ ಹೊರೆಯಲ್ಲಿ 25 ಸಾವಿರ ಸುತ್ತು ಓಡಿದರೆ ಇನ್ನೂ ಕಾಲು ಭಾಗ ಖರ್ಚು. ಉಳಿದದ್ದು ಕಾಲು ಭಾಗ. ಈ ಪಾಸ್‌ಬುಕ್ಕಿನಲ್ಲಿ ತೆಗೆಯುವುದು ಮಾತ್ರ ಉಂಟು, ಕಟ್ಟುವುದು ಇಲ್ಲ. ವಾರವೆಲ್ಲಾ ಕಾರು ನಿಲ್ಲಿಸಿದರೂ ಮನುಷ್ಯರ ದಣಿವಿನ ಹಾಗೆ ಲೋಹದ ದಣಿವು ಆರುವುದಿಲ್ಲ.

ಐದು ಜನರ ಕಾರಿನಲ್ಲಿ ಎಂಟು ಜನ ಕೂತರೆ ಏನು ಮಹಾ ಎನ್ನುವವರು ಇದನ್ನು ಗಮನಿಸಬೇಕು. ಆಯುಸ್ಸು ಒತ್ತಡದ ಐದನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ ಎಂದು ಹಿಡಿದರೆ, ಒತ್ತಡ ನೂರಕ್ಕೆ 20ರಷ್ಟು ಏರಿದಾಗ ಆಯುಸ್ಸಿನಲ್ಲಿ ಐದರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ.

ಹಾಗಾದರೆ ಚಕ್ರ ಮುರಿಯುವ ದಿನವನ್ನು ಮೊದಲೇ ಹೇಳಬಹುದೇ? ಆಗದು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಚಕ್ರಗಳೂ ಪರೀಕ್ಷೆಯಲ್ಲಿ ಬೇರೆ ಬೇರೆ ಸುತ್ತಿಗೆ ಸೋಲುತ್ತವೆ. ಒಂದು ಗೀರು, ಒಂದು ತುಕ್ಕಿನ ಕುಳಿ ಸಾಕು, ಬಿರುಕು ಅಲ್ಲಿಂದ ಶುರುವಾಗುತ್ತದೆ. ಆದ್ದರಿಂದ ಇಂಜಿನಿಯರರ ಲೆಕ್ಕ ಅಂದಾಜು. ಅದರಲ್ಲಿ ಅವರು ಸುರಕ್ಷತೆಗೆಂದು ಒಂದಷ್ಟು ಬಿಟ್ಟಿರುತ್ತಾರೆ. ಹೆಚ್ಚಿನ ಹೊರೆ ಹೇರಿ ಆ ಉಳಿತಾಯವನ್ನು ಕರಗಿಸುವವರು ನಾವು.

ಲೆಕ್ಕ ಅವರದಾದರೆ, ನೋಡಿಕೊಳ್ಳುವುದು ನಮ್ಮದು. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿದಾಗ ಅದನ್ನು ಒರೆಸಿ, ನಟ್ಟಿನ ತೂತುಗಳ ಸುತ್ತ, ಗಾಳಿಯಾಡುವ ತೂತುಗಳ ಅಂಚಿನಲ್ಲಿ, ಡಿಸ್ಕು ರಿಮ್ಮಿಗೆ ಬೆಸೆದಿರುವ ಕಡೆ ನೋಡಿ. ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕಿರಬಹುದು. ಅಂಥ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ಬೆಸುಗೆಯಿಂದ ಬಿರುಕು ಮುಚ್ಚಬಹುದು, ಕಳೆದ ಆಯುಸ್ಸು ಬಾರದು; ಬೆಸುಗೆಯ ಅಂಚಿನಲ್ಲೇ ಹೊಸ ಬಿರುಕು ಹುಟ್ಟುವುದೂ ಉಂಟು. ನಟ್ಟು ಸಡಿಲವಿದ್ದರೂ ಡಿಸ್ಕು ಬೇಗ ದಣಿಯುತ್ತದೆ. ಚಕ್ರ ಬದಲಿಸಿ ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ.

ಚಕ್ರದ ಪಾಸ್‌ಬುಕ್ಕಿನಲ್ಲಿ ಬಾಕಿ ಎಷ್ಟಿದೆ ಎಂಬುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಿರುಕು ಮಾತ್ರ ಕಾಣುತ್ತದೆ. ಘಾಟಿ ಇಳಿಯುವ ಮೊದಲೇ ಅದನ್ನು ನೋಡಿಕೊಳ್ಳಿ.