ವೈದ್ಯವಿದ್ಯೆಗೆ ಮೊದಲು ಸಾರ್ವಜನಿಕ ಆರೋಗ್ಯ

ನೀಟ್ ಫಲಿತಾಂಶ ಪ್ರಕಟವಾದ ದಿನ ಸಿಂಧನೂರಿನಂಥ ಊರಿನಲ್ಲಿ, ಭತ್ತದ ಧಾರಣೆಯನ್ನೂ ಕಾಲುವೆಗೆ ನೀರು ಬಿಡುವ ದಿನಾಂಕವನ್ನೂ ಕುರಿತ ಮಾತುಗಳೆಲ್ಲ ಒಂದು ಗಳಿಗೆ ಹಿಂದೆ ಸರಿದು, ಯಾರ ಮಗಳಿಗೆ ಎಷ್ಟು ಅಂಕ ಬಂತು, ಯಾರ ಮಗನಿಗೆ ಸೀಟು ಸಿಕ್ಕೀತು, ಯಾರು ಇನ್ನೊಂದು ವರುಷ ಲಾಂಗ್ ಟರ್ಮ್ ಕೋಚಿಂಗಿಗೆಂದು ಹೈದರಾಬಾದಿಗೋ ಕಲಬುರಗಿಗೋ ಹೋಗಬೇಕಾದೀತು ಎಂಬ ವಿಚಾರವೇ ಮನೆಮನೆಯನ್ನೂ ಆವರಿಸುತ್ತದೆ. 2024ರಲ್ಲಿ ಆ ಪರೀಕ್ಷೆಯನ್ನು ಬರೆದವರು 23 ಲಕ್ಷಕ್ಕೂ ಮಿಕ್ಕವರು. ದೇಶದಲ್ಲಿದ್ದ ಎಂಬಿಬಿಎಸ್ ಸ್ಥಾನಗಳಾದರೋ ಒಂದು ಲಕ್ಷವನ್ನು ಕೊಂಚ ದಾಟಿದ್ದುವು, ಅಷ್ಟೆ. ಸ್ಥಾನ ದೊರೆಯದೆ ಬಿಎಸ್‌ಸಿಗೋ ನರ್ಸಿಂಗಿಗೋ ಸೇರಿಯೂ ವೈದ್ಯರಾಗುವ ಹಂಬಲವನ್ನು ಬಿಡಲಾರದ ತರುಣ ತರುಣಿಯರಿಗೆ, ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಎಂಬ ಸ್ನಾತಕೋತ್ತರ ಪದವಿಯನ್ನು ಮೊದಲು ಪಡೆದು ಆಮೇಲೆ ವೈದ್ಯಕೀಯ ವಿದ್ಯಾಲಯವನ್ನು ಸೇರಬಹುದೇ ಎಂಬ ಪ್ರಶ್ನೆ ಮೂಡುವುದು ಸಹಜ.

ಈ ಕ್ರಮ ಅಮೆರಿಕದ್ದು. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯನ್ನು ಮುಗಿಸಿದ ಮೇಲಲ್ಲದೆ ವೈದ್ಯಶಿಕ್ಷಣಕ್ಕೆ ಪ್ರವೇಶವಿಲ್ಲ. ಪರೀಕ್ಷೆಯ ಅಂಕಗಳ ಜೊತೆಗೆ ಅರ್ಜಿದಾರನ ಸೇವೆ, ಸಂಶೋಧನೆ, ಸಂದರ್ಶನಗಳನ್ನೂ ಅಲ್ಲಿಯ ವಿದ್ಯಾಲಯಗಳು ತೂಗಿ ನೋಡುವುದರಿಂದ, ನಡುವಣ ಒಂದೆರಡು ವರ್ಷಗಳನ್ನು ಎಂಪಿಎಚ್‌ಗೆ ಮೀಸಲಿಡುವವರು ಉಂಟು, ಮತ್ತು ಆ ದೇಶದಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗೆ ಅದು ಪ್ರಯೋಜನಕ್ಕೆ ಬರಲೂಬಹುದು. ನಮ್ಮಲ್ಲಿ ಸ್ಥಿತಿ ಬೇರೆ. ಇಲ್ಲಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿದವರು ನೀಟ್ ಬರೆಯುತ್ತಾರೆ. ಎಂಬಿಬಿಎಸ್ ಪ್ರವೇಶಕ್ಕೆ ಆ ಪರೀಕ್ಷೆಯ ಅರ್ಹತಾಕ್ರಮವೇ ಆಧಾರ. ಎಂಪಿಎಚ್ ಪದವಿಗೆ ಅದರಲ್ಲಿ ಒಂದಂಕವೂ ಹೆಚ್ಚಾಗಿ ದೊರೆಯದು. ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದುದರಿಂದ ಪದವೀಧರರಿಗೂ ಬಾಗಿಲು ತೆರೆದಿದೆಯೆಂಬುದು ದಿಟವೇ. ಆದರೆ ಬಿಎಸ್‌ಸಿಯ ಮೂರು ವರ್ಷ, ಎಂಪಿಎಚ್‌ನ ಎರಡು ವರ್ಷ ಕಳೆದು, ಮರೆತುಹೋದ ಭೌತಶಾಸ್ತ್ರದ ಸೂತ್ರಗಳನ್ನು ಮತ್ತೆ ಕಂಠಸ್ಥಮಾಡಿ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷದ ಎಂಬಿಬಿಎಸ್ ಮುಗಿಸುವ ವೇಳೆಗೆ ವಯಸ್ಸು ಮೂವತ್ತರ ಸಮೀಪಕ್ಕೆ ಬಂದಿರುತ್ತದೆ. ಇದನ್ನು ಮನೆಯವರೆಲ್ಲರೂ ಕುಳಿತು ಮೊದಲೇ ಎಣಿಸಿಕೊಳ್ಳಬೇಕು. ಎಂಪಿಎಚ್ ಪಡೆದವರು ಅಷ್ಟರಿಂದಲೇ ಚಿಕಿತ್ಸೆ ಮಾಡುವ ವೈದ್ಯರಾಗುವುದಿಲ್ಲ, ಔಷಧ ಬರೆದುಕೊಡುವ ಅಧಿಕಾರ ಆ ಪದವಿಯಿಂದ ಬರುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಅರಿತಿರಬೇಕು.

ಹಾಗಾದರೆ ಆ ಓದು ವ್ಯರ್ಥವೇ? ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು; ಅದನ್ನು ಅದಕ್ಕಾಗಿಯೇ ಓದಬೇಕು, ಮತ್ತು ಅದರ ಅವಶ್ಯಕತೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ನಮ್ಮ ಈ ಮೂರು ತಾಲ್ಲೂಕುಗಳಿಗಿರುವಷ್ಟು ಇನ್ನೆಲ್ಲಿಯೂ ಇರಲಾರದೆಂದು ನಾನು ನಂಬಿದ್ದೇನೆ.

ಸಿಂಧನೂರಿನ ಭತ್ತದ ಗದ್ದೆಯನ್ನೇ ತೆಗೆದುಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಗೆ ಹರಿದುಬಂದು, ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾಗಿ, ಊರು ವ್ಯಾಪಾರದಿಂದ ಸಮೃದ್ಧವಾಯಿತು. ಆದರೆ ತಿಂಗಳುಗಟ್ಟಲೆ ನಿಂತ ಗದ್ದೆಯ ನೀರಿನಲ್ಲಿಯೇ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಬೆಳೆಯುತ್ತದೆ. ಬೆಳ್ಳಕ್ಕಿಯಂಥ ನೀರುಹಕ್ಕಿಗಳ ಹಾಗೂ ಹಂದಿಗಳ ರಕ್ತದಲ್ಲಿ ವೃದ್ಧಿಹೊಂದುವ ವೈರಾಣುವನ್ನು ಆ ಸೊಳ್ಳೆ ಮಗುವಿನ ಮೈಗೆ ತಂದಾಗ ಬರುವುದೇ ಜಪಾನೀ ಮಿದುಳುಜ್ವರ. ರೋಗಲಕ್ಷಣ ಕಾಣಿಸಿದವರಲ್ಲಿ ನೂರಕ್ಕೆ ಮೂವತ್ತರವರೆಗೂ ಸಾಯಬಹುದು. ಬದುಕಿದವರಲ್ಲಿ ಎಷ್ಟೋ ಮಕ್ಕಳ ಬುದ್ಧಿಯೂ ಕೈಕಾಲೂ ಕುಂದುತ್ತವೆ. ಆ ವೈರಾಣುವನ್ನು ಕೊಲ್ಲುವ ಔಷಧ ವೈದ್ಯರ ಬಳಿ ಇಂದಿಗೂ ಇಲ್ಲ. ಜ್ವರವನ್ನಿಳಿಸಿ, ಸೆಳವನ್ನು ತಡೆದು, ಉಸಿರನ್ನು ಕಾಯುವುದಷ್ಟೇ ಅವರಿಂದ ಸಾಧ್ಯ. ಮಕ್ಕಳನ್ನು ನಿಜವಾಗಿ ಉಳಿಸಿದುದು 2006ರಲ್ಲಿ ನೆರೆಯ ಬಳ್ಳಾರಿಯಲ್ಲಿ ಆರಂಭವಾಗಿ ತರುವಾಯ ರಾಯಚೂರಿಗೂ ಬಂದ ಲಸಿಕೆ. ಹಂದಿಗಳನ್ನು ಜನವಸತಿಯಿಂದ ದೂರವಿಡುವುದು, ಗದ್ದೆಗೆ ಆಗಾಗ ಬಿಡುವು ಕೊಟ್ಟು ನೀರು ಹಾಯಿಸುವುದು, ಯಾವ ಹಳ್ಳಿಯಲ್ಲಿ ಎಷ್ಟು ಮಕ್ಕಳಿಗೆ ಲಸಿಕೆ ತಪ್ಪಿದೆಯೆಂದು ಮನೆಮನೆಗೂ ಹೋಗಿ ಎಣಿಸುವುದು ಇವೆಲ್ಲ ಆಸ್ಪತ್ರೆಯ ಹೊರಗೆ ನಡೆಯುವ ಕೆಲಸ.

ಲಿಂಗಸುಗೂರಿನ ಕಡೆಗೆ ಹೋದರೆ ಸಮಸ್ಯೆ ನೆಲದಡಿಯ ನೀರಿನದು. ಕುಡಿಯುವ ನೀರಿನಲ್ಲಿ ಫ್ಲೋರೈಡು ಒಂದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ನಿಯಮ. ಗಟ್ಟಿಶಿಲೆಯ ಈ ನಾಡಿನ ಎಷ್ಟೋ ಕೊಳವೆಬಾವಿಗಳ ನೀರು ಆ ಮಿತಿಯನ್ನು ದಾಟಿದುದು. ಅದನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ನಡುವಯಸ್ಸಿನವರ ಬೆನ್ನು ಬಾಗಿ ಕೀಲುಗಳು ಸೆಟೆಯುತ್ತವೆ. ಹಾಗೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಗುಳಿಗೆಯಿಲ್ಲ. ನೋವಿಗೆಂದು ವಾರವಾರವೂ ಇಂಜೆಕ್ಷನ್ನು ಹಾಕಿಸಿಕೊಂಡು ಅದೇ ಬಾವಿಯ ನೀರನ್ನು ಕುಡಿಯುತ್ತಿರುವ ಕೂಲಿಕಾರನಿಗೆ ಬೇಕಾದುದು, ಬೆನ್ನುನೋವಿನ ರೋಗಿಗಳು ಒಂದೇ ಓಣಿಯಿಂದ ಏಕೆ ಬರುತ್ತಿದ್ದಾರೆಂದು ಕೇಳಿ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಹೊಳೆಯ ನೀರು ಆ ಊರಿಗೆ ಬರುವವರೆಗೂ ಬೆನ್ನು ಬಿಡದ ಒಬ್ಬ ವ್ಯಕ್ತಿ. ಹಟ್ಟಿಯ ಚಿನ್ನದ ಗಣಿಯೂ ಇದೇ ತಾಲ್ಲೂಕಿನಲ್ಲಿದೆ. ಗಣಿಯ ಸಿಲಿಕಾ ಧೂಳಿಗೂ ಕೆಮ್ಮಿಗೂ ಕ್ಷಯಕ್ಕೂ ಇರುವ ಸಂಬಂಧವನ್ನು ಬಲ್ಲವನು ರೋಗಿಯ ಎದೆಯನ್ನು ಪರೀಕ್ಷಿಸುವುದಕ್ಕೆ ಮುನ್ನ ಅವನ ಉದ್ಯೋಗವನ್ನು ಕೇಳುತ್ತಾನೆ.

ಈಚೆಗೆ ತಾಲ್ಲೂಕಾದ ಮಸ್ಕಿಯನ್ನು ನೆನೆದಾಗಲೆಲ್ಲ ಅಲ್ಲಿಯ ಬಂಡೆಯ ಮೇಲೆ ಹೆಸರು ಬರೆಸಿದ ಚಕ್ರವರ್ತಿಯ ನೆನಪು ಬರುತ್ತದೆ. 1915ರಲ್ಲಿ ಚಿನ್ನದ ಗಣಿಗಳ ಇಂಜಿನಿಯರಾಗಿದ್ದ ಬೀಡನ್ ಎಂಬವರು ಕಂಡುಹಿಡಿದ ಆ ಶಾಸನ, ಇತರ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಅದೇ ಅರಸನು ಗಿರ್ನಾರ್ ಮೊದಲಾದೆಡೆಗಳಲ್ಲಿ ಕೆತ್ತಿಸಿದ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯರ ಹಾಗೂ ಪಶುಗಳ ಚಿಕಿತ್ಸೆಯ ಮಾತಿದೆ. ಅದರ ಜೊತೆಯಲ್ಲಿಯೇ ಮೂಲಿಕೆಗಳನ್ನು ತರಿಸಿ ನೆಡಿಸಿದ, ದಾರಿಗಳಲ್ಲಿ ಬಾವಿ ತೋಡಿಸಿದ ಮಾತೂ ಇದೆ. ಚಿಕಿತ್ಸೆಯನ್ನೂ ಕುಡಿಯುವ ನೀರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ದೃಷ್ಟಿಯೇ ಸಾರ್ವಜನಿಕ ಆರೋಗ್ಯದ ದೃಷ್ಟಿ.

ಆ ದೃಷ್ಟಿಯನ್ನು ವೈದ್ಯರೂ ಅರಸಿ ಹೋದುದುಂಟು. ನಮ್ಮ ಪ್ರಾಂತದ ಹಳೆಯ ರಾಜಧಾನಿಯಾದ ಹೈದರಾಬಾದಿಗೆ ಸೇರಿದಂತಿರುವ ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡ ರೊನಾಲ್ಡ್ ರಾಸ್, ಮೊದಲು ವೈದ್ಯನಾಗಿ ಅನಂತರ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದವನು. ನಮ್ಮವರೇ ಆದ ಡಾ. ಎಚ್. ಸುದರ್ಶನ್ ಅವರೂ ಎಂಬಿಬಿಎಸ್ ಮುಗಿಸಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ, ಸೋಲಿಗರ ನಡುವೆ ಔಷಧದೊಡನೆ ಶಾಲೆಯನ್ನೂ ಜೀವನೋಪಾಯವನ್ನೂ ಕಟ್ಟಬೇಕಾಯಿತು. ವೈದ್ಯವಿದ್ಯೆ ಮೊದಲು, ಸಮುದಾಯ ಆಮೇಲೆ ಎಂಬ ಈ ಕ್ರಮವೇ ನಮ್ಮ ದೇಶದಲ್ಲಿ ರೂಢಿ. ಸೀಟು ದೊರೆತವರು ಆ ದಾರಿಯಲ್ಲಿಯೇ ಹೋಗಲಿ. ಸಮುದಾಯವೈದ್ಯದಲ್ಲಿ ಎಂಡಿ ಮಾಡಲಿ.

ಬಿಎಸ್‌ಸಿ ಮುಗಿಸಿ ನಿಂತವರಿಗೆ ನಾನು ಹೇಳುವುದು ಬೇರೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಲ್ಲಿ ತೊಡಗಿದ ಎಂಪಿಎಚ್ ಶಿಕ್ಷಣ ಈಗ ಬೆಂಗಳೂರು, ಮಣಿಪಾಲಗಳಲ್ಲಿಯೂ ಉಂಟು. ವೈದ್ಯೇತರ ಪದವೀಧರರನ್ನು ಸೇರಿಸಿಕೊಳ್ಳುವ ಸಂಸ್ಥೆಗಳೂ ಇವೆ. ರೋಗ ಹರಡುವ ಬಗೆ, ಸಂಖ್ಯಾಶಾಸ್ತ್ರ, ಪರಿಸರ, ಆರೋಗ್ಯದ ಹಣಕಾಸು ಇವು ಅಲ್ಲಿಯ ವಿಷಯಗಳು. ಅವುಗಳನ್ನು ಕಲಿತು ಜಿಲ್ಲೆಯ ರೋಗ ಸರ್ವೇಕ್ಷಣೆಯಲ್ಲಿಯೋ ಸೇವಾಸಂಸ್ಥೆಯಲ್ಲಿಯೋ ದುಡಿಯುವುದು ತನ್ನಷ್ಟಕ್ಕೆ ತಾನೇ ಪೂರ್ಣವಾದ ವೃತ್ತಿ. ಹಾಗೆ ದುಡಿದ ಮೇಲೂ ರೋಗಿಯ ಕೈ ಹಿಡಿದು ಚಿಕಿತ್ಸೆ ಮಾಡಬೇಕೆಂಬ ಹಂಬಲ ಉಳಿದಿದ್ದರೆ ನೀಟ್ ಬರೆಯಲಿ. ಕಲ್ಯಾಣ ಕರ್ನಾಟಕದ ವಿದ್ಯಾಲಯಗಳಲ್ಲಿ ಸರ್ಕಾರದ ಪಾಲಿನ ಸ್ಥಾನಗಳಲ್ಲಿ ನೂರಕ್ಕೆ 70ರಷ್ಟನ್ನು ಸಂವಿಧಾನದ 371ಜೆ ವಿಧಿಯ ಆಧಾರದ ಮೇಲೆ ಈ ಭಾಗದವರಿಗೇ ಮೀಸಲಿಟ್ಟಿದೆ. 2007ರಲ್ಲಿ ಆರಂಭವಾದ ರಾಯಚೂರಿನ ರಿಮ್ಸ್ ವೈದ್ಯಕೀಯ ವಿದ್ಯಾಲಯ ಕೂಡ ಅದರೊಳಗೆ ಬರುತ್ತದೆ. ಈ ಮೀಸಲಾತಿಗೆ ಬೇಕಾದ ಅರ್ಹತಾಪತ್ರವನ್ನು ಕೊಡುವವರು ಸಹಾಯಕ ಆಯುಕ್ತರು. ಆದುದರಿಂದ ಸಿಂಧನೂರಿನವರೂ ಮಸ್ಕಿಯವರೂ ಅದನ್ನು ಕೌನ್ಸೆಲಿಂಗಿನ ಗಡಿಬಿಡಿಗೆ ಬಿಡದೆ, ಮುಂಚಿತವಾಗಿಯೇ ಲಿಂಗಸುಗೂರಿನಲ್ಲಿರುವ ಅವರ ಕಚೇರಿಯಿಂದ ಪಡೆದಿಟ್ಟುಕೊಳ್ಳುವುದು ಮೇಲು.